ಕಪ್ಪು ಮೂರು

ಗಂಗೊಳ್ಳಿ
9 ಜನವರಿ 2024

ಪ್ರಫುಲ್ಲಕ್ಕನಿಗೆ ಸುಗುಣ ಮಾಡುವ ನಮಸ್ಕಾರ.

ಹೆಸರು ಕಂಡ ಕೂಡಲೇ ಹರಿದು ಹಾಕಬೇಡಿ. ನಾವೆಲ್ಲ ಕ್ಷೇಮ ಅಂತ ಶುರು ಮಾಡುವುದು ಕ್ರಮ, ಆದರೆ ಹತ್ತು ವರ್ಷ ಕಳೆದು ಬರೆಯುವ ಕಾಗದದ ಮೊದಲ ಸಾಲಿನಲ್ಲೇ ಸುಳ್ಳು ಬೇಡ.

ಹೋದ ಆಗಸ್ಟಿನಲ್ಲಿ ಮೀನು ಮಾರ್ಕೆಟ್ಟಿನಲ್ಲಿ ಕೂತು ಬಂಗುಡೆ ಎಣಿಸಿ ಹಾಕುತ್ತಿದ್ದೆ. ಎಣಿಕೆಯ ನಡುವೆ ಎಡಗೈ ನಿಂತುಹೋಯಿತು. ಲಕ್ವ ಅಂದರು. ಕಾಲು ಸ್ವಲ್ಪ ಬಂದಿದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತೇನೆ. ಕೈ ಬರಲಿಲ್ಲ. ನಾಲಿಗೆಯೂ ತಿರುಚಿಕೊಂಡಿದೆ. ನಾನು ಹೇಳಿದ್ದು ಮಗ ರತನ್‌ಗೂ ಸೊಸೆ ಚಂದನಾಳಿಗೂ ಅರ್ಧಕ್ಕರ್ಧ ತಿಳಿಯುವುದಿಲ್ಲ, ಮತ್ತೆ ಮತ್ತೆ ಕೇಳುತ್ತಾರೆ, ನನಗೆ ನಾಚಿಕೆಯಾಗಿ ಈಗ ಮಾತೇ ಬಿಟ್ಟಿದ್ದೇನೆ. ಹಾಗಾಗಿ ಫೋನ್ ಮಾಡಲಿಲ್ಲ. ಬಲಗೈ ಉಳಿದಿದೆ. ಕಾಗದ ಜಾರದ ಹಾಗೆ ತಕ್ಕಡಿಯ ಅರ್ಧ ಕೆಜಿ ಕಲ್ಲು ಇಟ್ಟು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಾರ್ಮೋನಿಯಂಗೆ ಬಲಗೈಯೊಂದು ಸಾಲದು ಅಂತ ನಿಮಗೆ ಗೊತ್ತು. ಎಡಗೈ ತಿದಿ ಒತ್ತಬೇಕು. ಒಂದು ದಿನ ಚಂದನಾ ಎದುರು ಕೂತು ಗಾಳಿ ಹಾಕಿಕೊಟ್ಟಳು. ನಾನು ಸ್ವರ ಎಳೆಯುವ ಹೊತ್ತಿಗೆ ಅವಳ ಗಾಳಿ ಮುಗಿಯುತ್ತದೆ, ನಾನು ಬೆರಳು ಎತ್ತಿದ ಮೇಲೆ ಅವಳ ಗಾಳಿ ಬರುತ್ತದೆ. ಅವಳಿಗೂ ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸ, ದಿನಾ ಕೂರಲು ಪುರುಸೊತ್ತಿಲ್ಲ. ಪೆಟ್ಟಿಗೆ ಮುಚ್ಚಿಟ್ಟೆವು.

ಕರೆಂಟಿನ ಪೆಟ್ಟಿಗೆಗೆ ತಿದಿ ಬೇಡವಲ್ಲ. ಯಾವ ಕಂಪೆನಿಯದಾದರೂ ಇಲ್ಲಿ ಅದಕ್ಕೆ ಕ್ಯಾಸಿಯೊ ಅಂತಲೇ ಹೆಸರು. ನಿಮ್ಮ ಮೊಮ್ಮಗಳು ಅನ್ವಿತಾ ಶಾಲೆಯಲ್ಲಿ ನುಡಿಸಿದ್ದನ್ನು ಯಾರದೋ ಸ್ಟೇಟಸ್ಸಿನಲ್ಲಿ ಚಂದನಾ ತೋರಿಸಿದಳು. ಹಿಂದಿನ ಸಾಲಿನಲ್ಲಿ ನೀವು ಕೂತಿದ್ದು ಕಂಡೆ. ವಿಳಾಸ ಕೊಟ್ಟದ್ದು ನಿಮ್ಮ ಯಜಮಾನರು ಇಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದಾಗ ಅಟೆಂಡರ್ ಆಗಿದ್ದ ನಾಗ. ಅಂಥ ಕ್ಯಾಸಿಯೊ ಒಂದು ತೆಗೆಯುವಾಗ ಏನು ನೋಡಬೇಕು, ಯಾವುದು ಬೇಡ, ದಯವಿಟ್ಟು ಬರೆಯಿರಿ. ನನ್ನಲ್ಲಿರುವುದು ಎಂಟು ಸಾವಿರ. ಅದರ ಮೇಲೆ ರತನ್ ಹತ್ತಿರ ಕೇಳುವುದಿಲ್ಲ.

ಜುಲೈಯಲ್ಲಿ ನಮ್ಮ ಭಜನಾ ಮಂಡಳಿಯ ಏಕಾಹ, ಎಂದಿನ ಹಾಗೆ ಒಂದು ಹಗಲು ಒಂದು ರಾತ್ರಿ ಬಿಡದೆ ಭಜನೆ. ಅಷ್ಟರಲ್ಲಿ ಪೆಟ್ಟಿಗೆಯ ಮುಂದೆ ಕೂರದಿದ್ದರೆ ನಾನು ಇನ್ನು ಕೂರುವವಳಲ್ಲ. ನಿಮ್ಮ ಹತ್ತಿರ ಕೇಳಲು ನನಗೆ ಮುಖ ಇಲ್ಲ. ಹಿಂದೆ ಅದೇ ಏಕಾಹದಲ್ಲಿ ನಾನಾಡಿದ ಮಾತಿಗೆ ನೀವು ಮಂಡಳಿ ಬಿಟ್ಟಿರಿ, ಹಾಡುವುದನ್ನೂ ಬಿಟ್ಟಿರಿ ಅಂತ ಕೇಳಿದೆ. ಆದರೂ ಕೇಳುತ್ತಿದ್ದೇನೆ.

ಇಂತಿ,
ಸುಗುಣ ಕರಿಯ ಖಾರ್ವಿ


ಬ್ರಹ್ಮಾವರ
27 ಜನವರಿ 2024

ಸುಗುಣ ಅವರಿಗೆ,

ನಿಮ್ಮ ಪತ್ರ ಹದಿಮೂರನೇ ತಾರೀಕಿಗೇ ತಲುಪಿತ್ತು. ಕಾಯಿಲೆಯ ವಿಷಯ ಓದಿ ಬೇಸರವಾಯಿತು. ನಮ್ಮ ಯಜಮಾನರಿಗೂ ತಿಳಿಸಿದ್ದೇನೆ.

ಕೇಳಿದ್ದಕ್ಕೆ ಉತ್ತರ. ಅನ್ವಿತಾಳಿಗೆ ಕೀಬೋರ್ಡ್ ತೆಗೆಯುವಾಗ ಉಡುಪಿಯಲ್ಲಿ ಮೂರು ಅಂಗಡಿ ಸುತ್ತಿದ್ದೆವು. ಮೊದಲು ನೋಡಬೇಕಾದದ್ದು ಮನೆಗಳ ಅಗಲ. ನಾವು ಮನೆ ಅನ್ನುವ ಆ ಒತ್ತುವ ಪಟ್ಟಿಗೆ ಅವಳು ಕೀ ಅನ್ನುತ್ತಾಳೆ. ಅಗ್ಗದವು ಮಕ್ಕಳ ಬೆರಳಿಗೆ ಮಾಡಿದವು, ದೊಡ್ಡವರ ಬೆರಳು ಎರಡು ಮನೆ ಒತ್ತುತ್ತದೆ. ಅಗಲದ ಅರವತ್ತೊಂದು ಮನೆ ಇರುವುದನ್ನೇ ಕೇಳಿ, ಅದಕ್ಕಿಂತ ಹೆಚ್ಚು ಬೇಡ.

ಮುನ್ನೂರು ವಾದ್ಯದ ಸದ್ದು, ಇನ್ನೂರು ತಾಳ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದರಲ್ಲಿ ಹೆಚ್ಚಿನದು ಎಡಗೈ ಆಡುವವರಿಗೆ. ನಿಮಗೆ ಅದಕ್ಕೆ ಕೊಡುವ ಹಣ ದಂಡ. ಒತ್ತಿ ಹಿಡಿದಷ್ಟು ಹೊತ್ತು ಸ್ವರ ನಿಲ್ಲಬೇಕು. ಪಿಯಾನೊ ಸದ್ದಿನಲ್ಲಿ ಅದು ತಾನಾಗಿ ಆರಿಹೋಗುತ್ತದೆ, ಭಜನೆಗೆ ಆಗುವುದಿಲ್ಲ, ಹಾರ್ಮೋನಿಯಂ ಸದ್ದು ಇದೆಯಾ ಅಂತ ನುಡಿಸಿ ನೋಡಿ. ಅಡಾಪ್ಟರ್ ಹೆಚ್ಚಿನ ಸಲ ಬೇರೆ ಕೊಳ್ಳಬೇಕು. ಮೊದಲೇ ಕೇಳಿಕೊಳ್ಳದಿದ್ದರೆ ಮನೆಗೆ ಬಂದ ಮೇಲೆ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ನಮಗೆ ಹಾಗೇ ಆಯಿತು.

ಇಷ್ಟು ಸಾಕು ಅಂದುಕೊಂಡಿದ್ದೇನೆ.

ಪ್ರಫುಲ್ಲಾ ಎಸ್. ಶೆಟ್ಟಿ


ಗಂಗೊಳ್ಳಿ
8 ಫೆಬ್ರವರಿ 2024

ಪ್ರಫುಲ್ಲಕ್ಕ,

ನೀವು ಉತ್ತರ ಬರೆದದ್ದೇ ದೊಡ್ಡದು. ಚಂದನಾ ಅದನ್ನು ಎರಡು ಸಲ ಓದಿ, "ಇವ್ರ್ ಟೀಚರ್ ಆಗಿದ್ರಾ ಅತ್ತಿ?" ಅಂತ ಕೇಳಿದಳು.

ನಿಮ್ಮ ಕಾಗದ ಬರುವ ಎರಡು ದಿನ ಮೊದಲೇ ರತನ್ ಫೋನಿನಲ್ಲಿ ಒಂದನ್ನು ತರಿಸಿಬಿಟ್ಟಿದ್ದ. ನನಗೆ ಆಶ್ಚರ್ಯ ಮಾಡಿಸಬೇಕು ಅಂತ. ಡಬ್ಬ ಒಡೆದರೆ ಗುಲಾಬಿ ಬಣ್ಣದ್ದು, ನೀವು ಬರೆದ ಹಾಗೆ ಒಂದು ಬೆರಳಿಗೆ ಎರಡು ಮನೆ. ನಲವತ್ತು ವರ್ಷ ಮೀನು ಕೊಚ್ಚಿದ ಬೆರಳು ನೋಡಿ, ಸೆರೆಮನೆಗೆ ಹಾಕಿದ ಹಾಗಾಯಿತು. "ಅಬ್ಬಿ, ಸುರುವಿಗೆ ಇದೇ ಸಾಕಲೆ" ಅಂದ. ನಾನು ಏನು ಹೇಳಿದರೂ ಅವನಿಗೆ ತಿಳಿಯಲಿಲ್ಲ. ಕೊನೆಗೆ ನಿಮ್ಮ ಕಾಗದ ಬಂದ ದಿನ ಅವನ ಮುಂದೆ ಹಿಡಿದೆ. ಓದಿದ, ಮರಳಿ ಪ್ಯಾಕ್ ಮಾಡಿ ಕಳಿಸಿದ. ಪಾಪ, ಅವನ ಮುಖ ನೋಡಲು ಆಗಲಿಲ್ಲ.

ಈಗ ಕುಂದಾಪುರದ ಅಂಗಡಿಯಲ್ಲಿ ಚಂದನಾ ಎರಡು ನೋಡಿ ಬಂದಿದ್ದಾಳೆ. ಎರಡಕ್ಕೂ ಅಗಲದ ಅರವತ್ತೊಂದು ಮನೆ, ಎರಡರಲ್ಲೂ ಹಾರ್ಮೋನಿಯಂ ಸದ್ದು. ಒಂದು ಆರು ಸಾವಿರದ ಎಂಟುನೂರು, ಇನ್ನೊಂದು ಎಂಟು ಸಾವಿರದ ಮುನ್ನೂರು. ಹೆಚ್ಚು ಬೆಲೆಯದರಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಗುಂಡಿ ಇದೆಯಂತೆ. ಅದೇನು? ಅದಕ್ಕೆ ಸಾವಿರದ ಐನೂರು ಕೊಡಬೇಕೇ?

ಮಂಡಳಿಯವರು ಈಗ ಫೋನಿನಲ್ಲಿ ಶ್ರುತಿ ಇಟ್ಟು ಹಾಡುತ್ತಾರೆ. ನನಗೆ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ. ಪ್ರಸಾದ ಮಾತ್ರ ಮೊದಲು ನನಗೇ ಕೊಡುತ್ತಾರೆ. ಇಪ್ಪತ್ತೈದು ವರ್ಷ ಪೆಟ್ಟಿಗೆಯ ಹಿಂದೆ ಕೂತವಳಿಗೆ ಆ ಪ್ರಸಾದ ಗಂಟಲಿಳಿಯುವುದಿಲ್ಲ.

ಇಂತಿ,
ಸುಗುಣ


ಬ್ರಹ್ಮಾವರ
1 ಮಾರ್ಚ್ 2024

ಸುಗುಣ ಅವರಿಗೆ,

ಆ ಗುಂಡಿಯ ವಿಷಯ ಅನ್ವಿತಾಳ ಹತ್ತಿರ ಕೂತು ನೋಡಿ ಬರೆಯುತ್ತಿದ್ದೇನೆ. ಹಾರ್ಮೋನಿಯಂನಲ್ಲಿ ಶ್ರುತಿ ಬದಲಾದರೆ ಬೆರಳ ದಾರಿಯೇ ಬದಲಾಗುತ್ತದೆ. ಕಪ್ಪು ಮೂರರಲ್ಲಿ, ಅಂದರೆ ಮೂರನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು ಹಾಡುವವರಿಗೆ ಒಂದು ದಾರಿ, ಪಕ್ಕದ ಬಿಳಿ ನಾಲ್ಕರಲ್ಲಿ ಹಾಡುವವರಿಗೆ ಇನ್ನೊಂದು. ಈ ಗುಂಡಿ ಇದ್ದರೆ ಆ ಕಷ್ಟವಿಲ್ಲ. ಕೈ ಎಂದಿನ ಜಾಗದಲ್ಲೇ ಆಡುತ್ತದೆ, ಗುಂಡಿ ಒಂದು ಸಲ ಒತ್ತಿದರೆ ಕೇಳುವ ಸ್ವರ ಒಂದು ಮನೆ ಕೆಳಗಿಳಿಯುತ್ತದೆ. ಅನ್ವಿತಾ ಒಂದೇ ದಾರಿ ಕಲಿತಿದ್ದಾಳೆ, ಉಳಿದದ್ದನ್ನು ಗುಂಡಿ ಮಾಡುತ್ತದೆ.

ನೀವು ಅದಕ್ಕೆ ಹಣ ಹಾಕಬೇಡಿ. ಅದು ಒಂದೇ ದಾರಿ ಬಲ್ಲವರಿಗೆ. ಗಂಗೊಳ್ಳಿಯಲ್ಲಿ ಅರ್ಧ ಊರಿಗೆ ಪೆಟ್ಟಿಗೆ ಕಲಿಸಿದವರು ನೀವು, ಎಲ್ಲ ಮನೆಯೂ ನಿಮಗೆ ಬರುತ್ತದೆ. ಕಡಿಮೆಯದನ್ನೇ ತೆಗೆದುಕೊಳ್ಳಿ.

ಇಷ್ಟೇ ಬರೆದು ಲಕೋಟೆ ಅಂಟಿಸಬೇಕು ಅಂತಿದ್ದೆ. ಆಗಲಿಲ್ಲ. 2013ರ ಏಕಾಹಕ್ಕೆ ಐದು ತಿಂಗಳು ಮೊದಲು ನನಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ಸ್ವರ ಸ್ವಲ್ಪ ಇಳಿದಿತ್ತು. ಕಪ್ಪು ಮೂರರಲ್ಲಿ ಮೇಲಿನ ಷಡ್ಜ ಮುಟ್ಟುತ್ತಿರಲಿಲ್ಲ. ಒಂದು ಮನೆ ಇಳಿಸಿ ಅಂತ ನಿಮ್ಮ ಕಿವಿಯಲ್ಲಿ ಹೇಳಿದೆ. ಎರಡನೇ ಸಲ ಹೇಳಿದೆ. ಮೂರನೇ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನೀವು ಇಳಿಸಲಿಲ್ಲ. ಅಷ್ಟು ಜನರ ಮುಂದೆ ನನ್ನ ಸ್ವರ ಒಡೆದಾಗ ನೀವು ಆಡಿದ ಮಾತು ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

"ಸ್ವರ ಹೋಯ್ತ್ ಪ್ರಫುಲ್ಲಕ್ಕ, ಪೆಟ್ಗಿ ಎಂತ ಮಾಡತ್ತ್? ಕುಣೂಕೆ ಬಾರ್ದವ್ಳ್ ನೆಲ ಡೊಂಕ್ ಅಂದ್ಳಂಬ್ರ್."

ಹೆಂಗಸರೆಲ್ಲ ನಕ್ಕರು. ಗೊತ್ತಿದ್ದೂ ಒಂದು ಮನೆ ಇಳಿಸದ ಕೈ ಅದು. ಆ ಕೈಗೆ ವಾದ್ಯ ಆರಿಸಿಕೊಡುತ್ತಿದ್ದೇನೆ ಅಂದರೆ ನನಗೇ ನಗು ಬರುತ್ತದೆ.

ಪ್ರಫುಲ್ಲಾ ಎಸ್. ಶೆಟ್ಟಿ


ಗಂಗೊಳ್ಳಿ
30 ಏಪ್ರಿಲ್ 2024

ಪ್ರಫುಲ್ಲಕ್ಕ,

ನನಗೆ ಆ ಗುಂಡಿ ಬೇಕು.

ಎರಡು ತಿಂಗಳು ಈ ಒಂದು ಸಾಲು ಬರೆಯಲು ಆಗಲಿಲ್ಲ. ಚಂದನಾ ಕಡಿಮೆಯದನ್ನು ತರಲು ಎರಡು ಸಲ ಹೊರಟಳು, ಎರಡು ಸಲವೂ ಅವಳ ಬ್ಯಾಗು ಹಿಡಿದು ನಿಲ್ಲಿಸಿದೆ. ಅದನ್ನು ತಂದರೆ ಇನ್ನು ಸಾಯುವ ತನಕ ನಾನು ಅದೇ ಸುಳ್ಳನ್ನು ನುಡಿಸುತ್ತಿರಬೇಕು.

ನನಗೆ ಕಪ್ಪು ಮೂರು ಬಿಟ್ಟು ಬೇರೆ ಬರುವುದಿಲ್ಲ. ಅವತ್ತೂ ಬರುತ್ತಿರಲಿಲ್ಲ.

ನನ್ನ ಗಂಡ ಕರಿಯ ಬೊಂಬಾಯಿಯ ಬೋಟಿನಲ್ಲಿದ್ದಾಗ ಯಾರೋ ಬಿಸಾಡಿದ ಪೆಟ್ಟಿಗೆ ತಂದಿದ್ದ. ಉಪ್ಪು ಗಾಳಿಗೆ ಒಳಗಿನ ಹಿತ್ತಾಳೆ ಕಿಲುಬು ಹಿಡಿದು ಎಷ್ಟೋ ಬಿಳಿ ಮನೆ ಊದುತ್ತಿರಲಿಲ್ಲ. ಊದುವ ಮನೆಗಳನ್ನು ಹುಡುಕುತ್ತಾ ಹುಡುಕುತ್ತಾ ಹೋದರೆ ಕಪ್ಪು ಮೂರರಿಂದ ಮಾತ್ರ ಒಂದು ಹಾಡು ಪೂರ್ತಿ ಬರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಬೆಳಿಗ್ಗೆ ಮೀನು ಮಾರಿ ಬಂದು, ಕೈ ತೊಳೆದು, ಬೆರಳು ಅಲ್ಲೇ ಓಡಾಡಿ ಓಡಾಡಿ ದಾರಿ ಬಿದ್ದಿತು. ಆಮೇಲೆ ಮಂಡಳಿ ಹೊಸ ಪೆಟ್ಟಿಗೆ ತಂದರೂ ನನ್ನ ಬೆರಳು ಹಳೆಯ ಪೆಟ್ಟಿಗೆಯಲ್ಲೇ ಇತ್ತು.

ನೀವು ಬಂದಿರಿ, ನಿಮ್ಮ ಸ್ವರಕ್ಕೆ ಕಪ್ಪು ಮೂರು ಸರಿಯಾಗಿ ಕೂತಿತು. ದೇವರೇ ಜೋಡಿ ಮಾಡಿದ್ದು ಅಂದರು ಜನ. ನೀವು ಮ್ಯಾನೇಜರ ಹೆಂಡತಿ, ಶಾಸ್ತ್ರೀಯ ಕಲಿತವರು. ನಾನು ಬುಟ್ಟಿ ಹೊರುವವಳು. ಆ ಪೆಟ್ಟಿಗೆಯ ಮುಂದೆ ಕೂತಾಗ ಮಾತ್ರ ನೀವು ನನ್ನ ಮುಖ ನೋಡಿ ಶುರು ಮಾಡಬೇಕಿತ್ತು. ಅವತ್ತು ಇಳಿಸಿ ಅಂದಾಗ "ನಂಗೆ ಬತ್ತಿಲ್ಲೆ" ಅಂತ ಎರಡು ಮಾತು ಸಾಕಿತ್ತು. ನಿಮ್ಮ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಕುಣಿಯಲು ಬಾರದವಳು ನಾನು. ನೆಲ ಡೊಂಕು ಅಂತ ನಿಮಗೆ ಹೇಳಿದೆ.

ಅದು ಅಲ್ಲಿಗೇ ನಿಲ್ಲಲಿಲ್ಲ. ನೀವು ಹೋದ ಮೇಲೆ ಬಂದವರೆಲ್ಲ ಕಪ್ಪು ಮೂರರಲ್ಲೇ ಹಾಡಬೇಕಾಯಿತು. ಆಗದ ಮೂರು ಹುಡುಗಿಯರು ಬಿಟ್ಟು ಹೋದರು. ಜನ ಅದನ್ನು ಸುಗುಣಕ್ಕನ ಶಿಸ್ತು ಅಂದರು. ಗಂಗೊಳ್ಳಿ ಮಂಡಳಿಯ ಕಟ್ಟು ಕಪ್ಪು ಮೂರು ಅಂತ ಬೈಂದೂರಿನ ತನಕ ಹೆಸರಾಯಿತು. ಕಿಲುಬು ಹಿಡಿದ ಪೆಟ್ಟಿಗೆ ಮಾಡಿದ ಕಟ್ಟು ಅದು ಅಂತ ನನಗೊಬ್ಬಳಿಗೇ ಗೊತ್ತಿತ್ತು.

ನಿಮ್ಮ ಸ್ವರ ಎಲ್ಲಿಗೂ ಹೋಗಿರಲಿಲ್ಲ ಅಕ್ಕ. ಒಂದು ಮನೆ ಇಳಿದಿತ್ತು, ಅಷ್ಟೆ.

ಸುಗುಣ


ಬ್ರಹ್ಮಾವರ
8 ಜೂನ್ 2024

ಸುಗುಣ,

ಇನ್ನು ನಿನಗೆ ನೀವು ಅಂತ ಬರೆಯುವ ತಾಳ್ಮೆ ನನಗಿಲ್ಲ.

ಅಷ್ಟೇ ಆಗಿತ್ತಾ? ನಿನ್ನ ಕಾಗದ ಓದಿ ನಾನು ಮೊದಲು ಕೇಳಿದ್ದು ಇದನ್ನೇ, ಗಟ್ಟಿಯಾಗಿ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು. ಯಾರನ್ನೋ ಮುಂದೆ ತರಲು ನನ್ನನ್ನು ಇಳಿಸಿದೆ ಅಂದುಕೊಂಡಿದ್ದೆ. ಜಾತಿ, ಅಂತಸ್ತು, ಹೊಟ್ಟೆಕಿಚ್ಚು, ಏನೇನೋ ಕಾರಣ ಹುಡುಕಿದ್ದೆ. ಬರುವುದಿಲ್ಲ ಅನ್ನಲು ನಾಚಿಕೆ, ಅದಕ್ಕೆ ನನ್ನ ಹನ್ನೊಂದು ವರ್ಷ.

ಆಪರೇಷನ್ ಆದ ಮೇಲೆ ಇಬ್ಬರು ಡಾಕ್ಟರು ಗಂಟಲು ನೋಡಿ ಏನೂ ಆಗಿಲ್ಲ, ಹಾಡಿ ಅಂದಿದ್ದರು. ನಾನು ಅವರನ್ನು ನಂಬಲಿಲ್ಲ, ನಿನ್ನನ್ನು ನಂಬಿದೆ. ನಿನ್ನ ಕಿವಿ ಅಷ್ಟು ಚುರುಕು ಅಂತ ನನಗೆ ಗೊತ್ತಿತ್ತು. ಆಗ ಅನ್ವಿತಾ ತೊಟ್ಟಿಲ ಕೂಸು. ಮಗಳು ಪ್ರಣೀತಾ ಒಂದು ಜೋಗುಳ ಹೇಳಮ್ಮ ಅಂತ ಎಷ್ಟು ಸಲ ಕೇಳಿದಳೋ. ನಾನು ತೊಟ್ಟಿಲು ತೂಗಿದೆ, ಬಾಯಿ ತೆರೆಯಲಿಲ್ಲ. ಈಗ ಅನ್ವಿತಾಳಿಗೆ ಹನ್ನೊಂದು ವರ್ಷ, ಅಜ್ಜಿಗೆ ಹಾಡು ಬರುತ್ತಿತ್ತು ಅಂದರೆ ನಂಬುವುದಿಲ್ಲ.

ಹದಿನೈದು ದಿನ ನಿನ್ನ ಕಾಗದ ಇದ್ದ ಕಪಾಟನ್ನೇ ತೆರೆಯಲಿಲ್ಲ. ಆಮೇಲೆ ಬೈಂದೂರಿಗೆ ಹೋದೆ. ಅಲ್ಲಿ ಮದುವೆಗಳಲ್ಲಿ ಆರ್ಕೆಸ್ಟ್ರಾ ನುಡಿಸುವ ರೋಹನ್ ಅಂತ ಒಬ್ಬರು ತಮ್ಮ ಹಳೆಯ ಕೀಬೋರ್ಡ್ ಮಾರುತ್ತಾರೆ ಅಂತ ಅನ್ವಿತಾಳ ಮಾಸ್ತರು ಹೇಳಿದ್ದರು. ಹೊಸತಾದರೆ ನಿನ್ನ ಎಂಟು ಸಾವಿರ ಮೀರುತ್ತದೆ, ಹಳೆಯದಾದರೆ ಗುಂಡಿಯೂ ಸಿಗುತ್ತದೆ, ಹಣವೂ ಉಳಿಯುತ್ತದೆ. ಅರವತ್ತೊಂದು ಮನೆಯನ್ನೂ ಒಂದೊಂದಾಗಿ ಒತ್ತಿ ನೋಡಿದೆ. ತೀರಾ ಬಲಕ್ಕೆ ಒಂದು ಮನೆ ಟಕ್ ಅನ್ನುತ್ತದೆ, ಅಲ್ಲಿಗೆ ನೀನು ಹೋಗುವುದಿಲ್ಲ. ಆರೂವರೆ ಸಾವಿರಕ್ಕೆ ಅಡಾಪ್ಟರ್ ಸೇರಿಸಿ ಕೊಡಿ ಅಂತ ಪಟ್ಟು ಹಿಡಿದೆ. ಕೊಟ್ಟರು. ಕೊನೆಗೆ ಕಪ್ಪು ಮೂರು ಒತ್ತಿ ಹಿಡಿದು ಗುಂಡಿಯನ್ನು ಒಂದು ಸಲ ಇಳಿಸಿದೆ. ಸ್ವರ ಇಳಿಯಿತು. ಇಷ್ಟು ಸಣ್ಣದು ಅದು. ಬೇರೆಯವರ ಜಗಲಿ ಅಂತ ಅಳಲಿಲ್ಲ.

ಮರಳುವಾಗ ಗಂಗೊಳ್ಳಿಗೆ ತಿರುಗುವ ತ್ರಾಸಿಯಲ್ಲಿ ಬಸ್ಸಿನ ಬಾಗಿಲಿನಿಂದಲೇ ರತನ್ ಕೈಗೆ ಕೊಟ್ಟೆ. ಆಚೆ ರಿಕ್ಷಾದಲ್ಲಿ ನೀನು ಕೂತಿದ್ದು ಕಂಡೆ. ನೀನೂ ಕಂಡಿದ್ದೀಯ. ಕಂಡಕ್ಟರ್ ಎರಡು ಸಲ ಸೀಟಿ ಊದಿದ, ನಾನು ಇಳಿಯಲಿಲ್ಲ.

ಏಕಾಹಕ್ಕೆ ಬರುತ್ತೇನೆ. ಹಾಡಲು ಅಲ್ಲ. ಜನರ ಮುಂದೆ ಹೇಳಿದ್ದನ್ನು ಜನರ ಮುಂದೆಯೇ ಹಿಂತೆಗೆದುಕೋ. ಕಾಗದದಲ್ಲಿ ಅಲ್ಲ, ಚಂದನಾಳ ಬಾಯಲ್ಲಿ ಅಲ್ಲ, ನಿನ್ನ ಬಾಯಲ್ಲಿ. ನಾಲಿಗೆ ತಿರುಗುವುದಿಲ್ಲ ಅಂತ ನನಗೆ ಗೊತ್ತು. ಕ್ರೂರ ಅನ್ನಿಸಿದರೆ ಅನ್ನಿಸಲಿ.

ಪ್ರಫುಲ್ಲಾ


ಗಂಗೊಳ್ಳಿ
20 ಜೂನ್ 2024

ಅಕ್ಕ,

ಹೇಳುತ್ತೇನೆ.

ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳೆಲ್ಲ ಮೇಲೆ ಬಂದಿವೆ, ಗಂಡಸರೆಲ್ಲ ಮನೆಯಲ್ಲಿ. ಅವರು ಜಗಲಿಯಲ್ಲಿ ಬಲೆ ಹೆಣೆಯುತ್ತಾರೆ, ನಾನು ಒಳಗೆ ಕೂತು ಒಂದೇ ಮಾತನ್ನು ಅಭ್ಯಾಸ ಮಾಡುತ್ತೇನೆ. ನಿನ್ನೆ ಚಂದನಾಳ ಮುಂದೆ ಹೇಳಿ ನೋಡಿದೆ. ಪೂರ್ತಿ ಕೇಳಿ ಎದ್ದು ಹೋಗಿ ಬಿಸಿನೀರು ತಂದುಕೊಟ್ಟಳು. ಕುಡಿದೆ. ಮತ್ತೆ ಹೇಳಿದೆ. ಕಿಟಕಿ ಹಾಕಿದಳು.

ಪೆಟ್ಟಿಗೆ ಚೆನ್ನಾಗಿದೆ. ನುಡಿಸುವಾಗ ಎಡಭುಜ ತಾನಾಗಿ ಅಲ್ಲಾಡುತ್ತದೆ, ಇಲ್ಲದ ತಿದಿಯನ್ನು ಹುಡುಕಿಕೊಂಡು.

ಸುಗುಣ


ಗಂಗೊಳ್ಳಿ
23 ಜುಲೈ 2024

ಅಕ್ಕ,

ಯಾಕೆ ಹಾಗೆ ಮಾಡಿದಿರಿ?

ಏಕಾಹದಲ್ಲಿ ಸ್ವರ ಕಡಿಯಬಾರದು ಅಂತ ಕಟ್ಟಳೆ. ನಾವು ಕೂತು ಶುರು ಮಾಡುವ ತನಕ ನಮಗಿಂತ ಮೊದಲಿನ ಉಪ್ಪುಂದದವರು ಕೊನೆಯ ಸಾಲನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಿದ್ದರು. ನಮ್ಮ ಹದಿನಾರು ಹೆಂಗಸರು ಸುತ್ತ ಕೂತಿದ್ದರು. ನೀವು ಕಂಬದ ಹತ್ತಿರ ನಿಂತಿದ್ದಿರಿ. ನಾನು ಕೂರಲಿಲ್ಲ, ಪೆಟ್ಟಿಗೆಯ ಮೇಜು ಹಿಡಿದು ನಿಂತು ಹೇಳಿದೆ. ಪ್ರಫುಲ್ಲಕ್ಕನ ಸ್ವರ ಹೋಗಿರಲಿಲ್ಲ, ನನಗೆ ಇಳಿಸಲು ಬರುತ್ತಿರಲಿಲ್ಲ, ನಾನು ಸುಳ್ಳು ಹೇಳಿದೆ. ಲಕ್ವ ಬಡಿದ ಮೇಲೆ ಅಷ್ಟು ಜನರ ಮುಂದೆ ಬಾಯಿ ತೆರೆದದ್ದು ಅದೇ ಮೊದಲು. ಎಂಜಲು ಸುರಿದದ್ದೂ ಗೊತ್ತಾಯಿತು. ಮೂರು ಸಲ ಹೇಳಿದೆ. ಯಾರಿಗೂ ತಿಳಿಯಲಿಲ್ಲ.

ಆಗ ನಮ್ಮ ಹೆಂಗಸರು ನಿಮ್ಮ ಕಡೆ ತಿರುಗಿ, "ಎಂತ ಹೇಳ್ತ್ರ್ ಸುಗುಣಕ್ಕ?" ಅಂತ ಕೇಳಿದರು. ನಿಮಗೆ ತಿಳಿದಿತ್ತು. ನಿಮ್ಮ ಮುಖ ನೋಡಿದೆನಲ್ಲ, ಒಂದೊಂದು ಮಾತೂ ತಿಳಿದಿತ್ತು. ನೀವು ಬಂದು ನನ್ನ ಪಕ್ಕ ಕೂತು, "ಶ್ರುತಿ ಇಳ್ಸುದಂಬ್ರ್, ಸುರು ಮಾಡ್ವ" ಅಂದಿರಿ.

ನಾನು ಗುಂಡಿ ಒತ್ತಿದೆ. ನೀವು ಹಾಡಿದಿರಿ. ಒಂದು ಗಂಟೆ ನನಗೆ ಬೇರೆ ಏನೂ ನೆನಪಿರಲಿಲ್ಲ, ಅದು ದೇವರಾಣೆಗೂ ನಿಜ. ಆದರೆ ಎದ್ದ ಮೇಲೆ ಹೆಂಗಸರೆಲ್ಲ ಏನಂದರು ಗೊತ್ತೇ? ಸುಗುಣಕ್ಕನ ಮನಸ್ಸು ದೊಡ್ಡದು, ಹಳೆಯದೆಲ್ಲ ಮರೆತು ಪ್ರಫುಲ್ಲಕ್ಕನನ್ನು ಕರೆಸಿ ಹಾಡಿಸಿದರು ಅಂತ. ಶಾಲು ಹೊದೆಸಬೇಕು ಅಂತ ಮಾತಾಡುತ್ತಿದ್ದಾರೆ. ನನ್ನ ಸುಳ್ಳಿನ ಮೇಲೆ ನೀವು ಇನ್ನೊಂದು ಮಹಡಿ ಕಟ್ಟಿ ಹೋದಿರಿ.

ಎಲ್ಲವನ್ನೂ ಬರೆದಿಟ್ಟಿದ್ದೇನೆ. ಬರುವ ಶನಿವಾರ ಭಜನೆಯಾದ ಮೇಲೆ ಚಂದನಾಳಿಂದ ಓದಿಸುತ್ತೇನೆ. ಅದಕ್ಕೆ ಮೊದಲು ನನಗೆ ತಿಳಿಯಬೇಕು. ನಾನು ಅಷ್ಟು ಕಷ್ಟಪಟ್ಟು ಹೇಳಿದ್ದನ್ನು ನೀವು ಯಾಕೆ ನುಂಗಿದಿರಿ?

ಸುಗುಣ


ಬ್ರಹ್ಮಾವರ
26 ಜುಲೈ 2024

ಸುಗುಣ,

ಇದನ್ನು ಅಂಚೆಗೆ ಹಾಕಿದರೆ ಶನಿವಾರದೊಳಗೆ ತಲುಪುವುದಿಲ್ಲ ಅಂತ ಇವತ್ತೇ ಬಸ್ಸಿನ ಕಂಡಕ್ಟರ್ ಚಂದಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿಸುವುದಾದರೆ ಓದಿಸು. ಅದು ನಿನ್ನ ಮನಸ್ಸಿನ ಭಾರ, ನನ್ನ ಅಪ್ಪಣೆ ಬೇಡ. ನನಗೋಸ್ಕರ ಅಂತ ಮಾತ್ರ ಓದಿಸಬೇಡ.

ಯಾಕೆ ಅಂತ ಕೇಳಿದ್ದೀಯ. ನಿನ್ನ ನಾಲಿಗೆ ಕಂಡು ಕರುಣೆ ಬಂತು ಅಂತ ಬರೆದರೆ ನಿನಗೂ ಸಮಾಧಾನ, ನನಗೂ ಒಳ್ಳೆಯವಳೆಂಬ ಹೆಸರು. ನಿನ್ನೆಯಿಂದ ಹಾಗೇ ಬರೆಯಲು ನೋಡಿದೆ. ಅದು ಸುಳ್ಳು, ನಮ್ಮಿಬ್ಬರ ನಡುವೆ ಸುಳ್ಳು ಸಾಕಷ್ಟು ಆಗಿದೆ.

ನೀನು ಮೊದಲ ಸಲ ಹೇಳಿದಾಗಲೇ ನನಗೆ ಪೂರ್ತಿ ತಿಳಿಯಿತು. ಅಷ್ಟು ವರ್ಷ ನಿನ್ನ ತುಟಿ ನೋಡಿ ಹಾಡಿದವಳು ನಾನು. ಎರಡನೇ ಸಲ, ಮೂರನೇ ಸಲ ನೀನು ಒದ್ದಾಡುವಾಗಲೂ ಸುಮ್ಮನೆ ನಿಂತಿದ್ದೆ. ಇನ್ನೂ ಒಂದು ಸಲ ಕೇಳಬೇಕು ಅನ್ನಿಸುತ್ತಿತ್ತು. ಆ ಸಿಟ್ಟು ನನ್ನಲ್ಲಿತ್ತು ಅಂತ ನಿನಗೆ ತಿಳಿದಿರಲಿ. ಕ್ಷಮಿಸಿದಿರಾ ಅಂತ ನೀನು ಎಲ್ಲಿಯೂ ಕೇಳಲಿಲ್ಲ. ಒಳ್ಳೆಯದಾಯಿತು, ಉತ್ತರ ನನ್ನಲ್ಲಿ ಇನ್ನೂ ಇಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿದರು. ಸುತ್ತ ಕೂತವರನ್ನು ನೋಡಿದೆ. ಅವತ್ತು ನಕ್ಕವರಲ್ಲಿ ಇಬ್ಬರು ಇದ್ದರೋ ಇಲ್ಲವೋ. ಉಳಿದವರು ಹುಡುಗಿಯರು, ನನ್ನ ಹೆಸರು ಮಾತ್ರ ಕೇಳಿದ್ದವರು. ಆದರೂ ಹೇಳಬೇಕು ಅಂತಲೇ ಇದ್ದೆ. ಮಾತು ನಾಲಿಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ನೀನು ಸೋತು ಕುರ್ಚಿಗೆ ಕುಸಿದೆ. ನಿನ್ನ ಬೆರಳು ತಾನಾಗಿ ಷಡ್ಜದ ಮೇಲೆ ಬಿತ್ತು. ಉಪ್ಪುಂದದವರು ಸುಸ್ತಾಗಿ ಅದೇ ಸಾಲನ್ನು ಎಳೆಯುತ್ತಿದ್ದರು, ಅವರಲ್ಲೊಬ್ಬ ಹ್ವಾಯ್, ಬೇಗ ಕೂಕಣಿ ಅಂತ ನಮಗೆ ಕೂರಲು ಕೈ ಮಾಡಿದ. ನಿನ್ನ ಕಥೆ ಎತ್ತಿದರೆ ಯಾವಾಗ, ಯಾರು, ಹೌದಾ ಅಂತ ನಮ್ಮ ಒಂದು ಗಂಟೆ ಅದರಲ್ಲೇ ಮುಗಿಯುತ್ತಿತ್ತು. ಹೇಳಲೋ ಹಾಡಲೋ, ಎರಡರಲ್ಲಿ ಒಂದಕ್ಕೆ ಮಾತ್ರ ಹೊತ್ತಿತ್ತು.

ನನಗೆ ಹಾಡಬೇಕಿತ್ತು, ಸುಗುಣ. ಅಷ್ಟೇ.

ನಿನ್ನ,
ಪ್ರಫುಲ್ಲಕ್ಕ